ಮದ್ದೂರಲ್ಲಿ ಬಿದ್ದ ಕಲ್ಲಿನ ಬೆಲೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಮಕ್ಕಳು, ಮೇಷ್ಟ್ರುಗಳು, ಸುತ್ತಮುತ್ತ ಹಳ್ಳಿಗಳಿಂದ ಬಂದಿರೋ ರೈತರು, ಇಷ್ಟೊಂದು ಜನ ಸೇರಿದ್ದೀರಿ, ತುಂಬಾ ಖುಷಿ ಆಯ್ತು. ನೇರವಾಗಿ ವಿಷಯಕ್ಕೆ ಬರ್ತೀನಿ. 1865ರ ಸೆಪ್ಟೆಂಬರ್‌ನಲ್ಲಿ ನಮ್ಮ ಮದ್ದೂರಲ್ಲಿ ಆಕಾಶದಿಂದ ಕಲ್ಲು ಬಿತ್ತು. ಆಗ ಮಂಡ್ಯ ಜಿಲ್ಲೆ ಅಂತ ಇರ್ಲೇ ಇಲ್ಲ, ಅದಾಗಿದ್ದು 1939ರಲ್ಲಿ, ಈ ಕಡೆ ರೈಲೂ ಬಂದಿರ್ಲಿಲ್ಲ. ಪ್ರಪಂಚದ ಉಲ್ಕಾಶಿಲೆಗಳ ಪಟ್ಟಿ ತೆಗೆದ್ರೆ ‘ಮುದ್ದೂರ್’ ಅನ್ನೋ ಹೆಸರಲ್ಲಿ ಅದು ಇವತ್ತಿಗೂ ಇದೆ, ಎಲ್5 ಕಾಂಡ್ರೈಟ್ ಅಂತ ಗುರುತು ಹಾಕಿದ್ದಾರೆ. ಮದ್ದೂರಲ್ಲೇ ಹುಟ್ಟಿ ಬೆಳೆದೋರಿಗೆ ಇದು ಗೊತ್ತಿಲ್ಲ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಎಲ್5 ಅಂದ್ರೆ ಏನು? ಮಂಗಳ ಗ್ರಹಕ್ಕೂ ಗುರು ಗ್ರಹಕ್ಕೂ ಮಧ್ಯೆ ಲಕ್ಷಾಂತರ ಕ್ಷುದ್ರಗ್ರಹಗಳು ಸೂರ್ಯನ್ನ ಸುತ್ತುತಾ ಇವೆ, ಭೂಮಿಗೆ ಬೀಳೋ ಕಲ್ಲುಗಳಲ್ಲಿ ಹೆಚ್ಚುಪಾಲು ಅಲ್ಲಿಂದ್ಲೇ ಬರೋದು. ಎಲ್ ಅನ್ನೋದು ಕಬ್ಬಿಣ ಕಮ್ಮಿ ಇರೋ ಗುಂಪು, 5 ಅನ್ನೋದು ಆ ಕಲ್ಲು ತನ್ನ ತಾಯಿ ಕ್ಷುದ್ರಗ್ರಹದ ಒಳಗೆ ಎಷ್ಟು ಬೆಂದಿದೆ ಅನ್ನೋದರ ಅಳತೆ. ಸುಮಾರು 47 ಕೋಟಿ ವರ್ಷದ ಹಿಂದೆ ಈ ಎಲ್ ಗುಂಪಿನ ಕ್ಷುದ್ರಗ್ರಹಕ್ಕೆ ಏನೋ ದೊಡ್ಡದು ಬಂದು ಡಿಕ್ಕಿ ಹೊಡೆದು ಅದು ಒಡೆದು ಚೂರಾಯ್ತು, ಆ ಚೂರುಗಳು ಇವತ್ತಿಗೂ ಒಂದೊಂದಾಗಿ ಭೂಮಿಗೆ ಬರ್ತಾನೇ ಇವೆ. ಇನ್ನು ಕಾಂಡ್ರೈಟ್ ಅಂದ್ರೆ, ಕುಯ್ದು ನೋಡಿದ್ರೆ ಒಳಗೆ ಸಣ್ಣ ಸಣ್ಣ ಗುಂಡು ಹನಿಗಳು ಕಾಣ್ತವೆ, ಒಂದೊಂದು ಒಂದು ಮಿಲಿಮೀಟರ್ ಆಸುಪಾಸು. ಸೂರ್ಯನ ಸುತ್ತ ಗ್ರಹಗಳೇ ಇನ್ನೂ ರೂಪ ತಾಳದೆ ಬರೀ ಧೂಳು ಗ್ಯಾಸು ಇದ್ದಾಗ ಕರಗಿ ಗಟ್ಟಿಯಾದ ಹನಿಗಳು ಅವು. ವಯಸ್ಸು 456 ಕೋಟಿ ವರ್ಷ. ನಮ್ಮ ಕಾಲಡಿ ಇರೋ ಗ್ನೈಸ್ ಬಂಡೆ ಸುಮಾರು 300 ಕೋಟಿ ವರ್ಷದ್ದು, ಭೂಮಿ ಮೇಲೆ ಅದೇ ಭಾರಿ ಹಳೇದು, ಅದಕ್ಕಿಂತಲೂ 150 ಕೋಟಿ ವರ್ಷ ಹಿಂದಿನ ಕಲ್ಲು ಒಂದು ದಿನ ಬಂದು ಮದ್ದೂರಿನ ನೆಲಕ್ಕೆ ಬಿತ್ತಲ್ಲ, ಅದನ್ನ ಯೋಚನೆ ಮಾಡಿ.

ಅದೇ 1865ರ ಆಗಸ್ಟ್‌ನಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಇನ್ನೊಂದು ಕಲ್ಲು ಬಿತ್ತು. ನೂರು ವರ್ಷಕ್ಕೂ ಮೇಲೆ ಅದು ಎಲ್ಲಿಂದ ಬಂತು ಅಂತ ಯಾರಿಗೂ ಸರಿಯಾಗಿ ಬಗೆಹರಿದಿರ್ಲಿಲ್ಲ. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ಮೇಲೆ ಇಳಿದು ಅಲ್ಲಿನ ಗಾಳಿ ಅಳೆದ್ವು, ಆಮೇಲೆ 80ರ ದಶಕದಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ್ದ ಇದೇ ಜಾತಿಯ ಒಂದು ಕಲ್ಲಿನ ಗಾಜಿನಂಥ ಭಾಗದಲ್ಲಿ ಸಿಕ್ಕಾಕೊಂಡಿದ್ದ ಗ್ಯಾಸನ್ನ ಹೋಲಿಸಿ ನೋಡಿದ್ರೆ ಎರಡೂ ತಾಳೆ ಆಯ್ತು. ಈಗ ಆ ಜಾತಿಗೆ ಪ್ರಪಂಚದಾದ್ಯಂತ ಶೆರ್ಗೊಟೈಟ್ ಅಂತಾನೇ ಹೆಸರು, ಬಿಹಾರದ ಊರಿನ ಹೆಸರೇ. ಯಾರೋ ಪುಣ್ಯಾತ್ಮರು ಅವತ್ತು ಊರು, ತಾರೀಕು ಬರೆದು ಕಲ್ಲನ್ನ ಜೋಪಾನ ಮಾಡಿದ್ದಕ್ಕೆ ಇದೆಲ್ಲ ಸಾಧ್ಯ ಆಗಿದ್ದು.

ಸರಿ, ಎಲ್ಲರೂ ಕಾಯ್ತಿರೋ ಪ್ರಶ್ನೆಗೆ ಬರೋಣ, ದುಡ್ಡು. 2025ರ ಜುಲೈನಲ್ಲಿ ನ್ಯೂಯಾರ್ಕಿನ ಸೋದೆಬೀಸ್ ಹರಾಜಲ್ಲಿ ಮಂಗಳದ ಒಂದು ಕಲ್ಲು, 24 ಕೆಜಿಗಿಂತ ಜಾಸ್ತಿ ತೂಕದ್ದು, 53 ಲಕ್ಷ ಡಾಲರಿಗೆ ಹೋಯ್ತು, ನಮ್ಮ ಲೆಕ್ಕದಲ್ಲಿ 45 ಕೋಟಿ ರೂಪಾಯಿ ಹತ್ರ. ಅದು ಸಿಕ್ಕಿದ್ದು ಆಫ್ರಿಕಾದ ನೈಜರ್ ದೇಶದ ಮರುಭೂಮೀಲಿ, ಹರಾಜಾದ ಮೇಲೆ ನೈಜರ್ ಸರ್ಕಾರ ಇದು ದೇಶ ಬಿಟ್ಟು ಹೋಗಿದ್ದು ಹೇಗೆ ಅಂತ ತನಿಖೆ ಶುರು ಮಾಡ್ತು. ಸರಿಯಾಗೇ ಮಾಡ್ತು ಅಂತೀನಿ ನಾನು. ಹಾಗಂತ ಸಂಗ್ರಹ ಮಾಡೋರೆಲ್ಲ ಕೆಟ್ಟೋರಲ್ಲ, ಸಹಾರಾದಲ್ಲಿ ತುಕ್ಕು ಹಿಡಿದು ಮಣ್ಣಾಗಿ ಹೋಗ್ತಿದ್ದ ಎಷ್ಟೋ ಕಲ್ಲು ಅವರ ಕಣ್ಣಿಗೆ ಬಿದ್ದಿದ್ದಕ್ಕೇ ಉಳಿದಿವೆ. ನನ್ನ ತಕರಾರು ಒಂದೇ, ಎಲ್ಲಿ ಸಿಕ್ತು ಯಾವಾಗ ಸಿಕ್ತು ಅನ್ನೋದು ಅಳಿಸಿ ಹೋದ ಕಲ್ಲು ಅರ್ಧ ಸತ್ತ ಹಾಗೆ. ವ್ಯಾಪಾರದೋರಿಗೂ ಇದು ಚೆನ್ನಾಗಿ ಗೊತ್ತು. 2019ರಲ್ಲಿ ಕೋಸ್ಟಾರಿಕಾದಲ್ಲಿ ಒಂದು ಕಲ್ಲು ನಾಯಿ ಗೂಡಿನ ತಗಡು ತೂತು ಮಾಡ್ಕೊಂಡು ಬಿತ್ತು, ನಾಯಿಗೇನೂ ಆಗ್ಲಿಲ್ಲ, ಆ ತೂತಾದ ಗೂಡೇ 2022ರ ಹರಾಜಲ್ಲಿ 44 ಸಾವಿರ ಡಾಲರಿಗೂ ಮೇಲೆ ಹೋಯ್ತು.

ನಮ್ಮ ದೇಶದಲ್ಲೂ ಇದನ್ನ ಬರೆದಿಟ್ಟ ರಾಜ ಇದ್ದ. 1621ರಲ್ಲಿ ಪಂಜಾಬಿನ ಜಲಂಧರ್ ಹತ್ರ ಬಿದ್ದ ಕಬ್ಬಿಣದ ಉಲ್ಕೆಯನ್ನ ಜಹಾಂಗೀರ್ ತರಿಸ್ಕೊಂಡು, ಮಾಮೂಲಿ ಕಬ್ಬಿಣ ಸೇರಿಸಿ ಕತ್ತಿ, ಚಾಕು ಮಾಡಿಸಿದ, ಅದನ್ನೆಲ್ಲ ತನ್ನ ದಿನಚರೀಲಿ ಬರೆದ. ಆ ಚಾಕು ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಲ್ಲಿದೆ.

ಈಗ ಕೆಲಸಕ್ಕೆ ಬರೋ ಮಾತು. ನನ್ನ ಹತ್ರ ಜನ ಕಲ್ಲು ತಗೊಂಡು ಬರ್ತಾರೆ ಸಾರ್ ಇದು ಉಲ್ಕೆನಾ ಅಂತ, ಬಹಳಷ್ಟು ಕಬ್ಬಿಣದ ಕಿಟ್ಟ, ಹಳೇ ಕಾಲದಲ್ಲಿ ಕಬ್ಬಿಣ ಕರಗಿಸಿದ್ದ ಜಾಗದ್ದು, ಇಲ್ಲಾಂದ್ರೆ ಸಾದಾ ಕರಿಕಲ್ಲು. ಕಿಟ್ಟದೊಳಗೆ ಗುಳ್ಳೆ ಗುಳ್ಳೆ ತೂತು ಇರುತ್ತೆ, ಉಲ್ಕಾಶಿಲೇಲಿ ಸಾಮಾನ್ಯವಾಗಿ ಇರಲ್ಲ. ಹೊಸದಾಗಿ ಬಿದ್ದಿದ್ದಕ್ಕೆ ಮೇಲೆ ತೆಳ್ಳಗೆ ಕರೀ ಸಿಪ್ಪೆ ಇರುತ್ತೆ, ಗಾಳೀಲಿ ಉರಿದಾಗ ಆಗಿದ್ದು, ಕೆಲವದರ ಮೇಲೆ ರಾಗಿ ಮುದ್ದೆಗೆ ಹೆಬ್ಬೆಟ್ಟು ಒತ್ತಿದ ಹಾಗೆ ಗುಳಿಗಳಿರ್ತವೆ, ಅದೇ ಗಾತ್ರದ ಕಲ್ಲಿಗಿಂತ ಭಾರ ಜಾಸ್ತಿ. ಕೆಂಡದ ಥರ ಉರೀತಾ ಬೀಳುತ್ತೆ ಅಂದ್ಕೋಬೇಡಿ, ಕೊನೆಯ ಕೆಲವು ಕಿಲೋಮೀಟರ್ ಅದು ಬೆಳಕಿಲ್ಲದೆ ಸುಮ್ನೆ ಬೀಳೋದು.

ಮ್ಯಾಗ್ನೆಟ್ ಹಚ್ಚಿ ನೋಡಬೇಡಿ, ದಯವಿಟ್ಟು. ಸಹಾರಾದಲ್ಲಿ ಸಿಕ್ಕ ಮಂಗಳದ ‘ಬ್ಲ್ಯಾಕ್ ಬ್ಯೂಟಿ’ ಅನ್ನೋ ಕಲ್ಲಿಗೆ ಜನ ಜೋರು ಮ್ಯಾಗ್ನೆಟ್ ಹಿಡಿದು ಹಿಡಿದು ಅದರೊಳಗಿದ್ದ ಮಂಗಳದ ಹಳೇ ಕಾಂತಕ್ಷೇತ್ರದ ಗುರುತೇ ಅಳಿಸಿ ಹೋಯ್ತು. ತೊಳೀಬೇಡಿ, ಅರಿಶಿನ ಕುಂಕುಮ ಹಚ್ಚಬೇಡಿ, ಭಕ್ತಿ ತಪ್ಪು ಅಂತಲ್ಲ, ಬೇರೆ ಪದಾರ್ಥ ಸೇರ್ಕೊಂಡ್ರೆ ಲ್ಯಾಬಲ್ಲಿ ಅಡ್ಡಿ ಆಗುತ್ತೆ. ಬಿದ್ದಲ್ಲೇ ಫೋಟೋ ತೆಗೀರಿ, ಟೈಮು, ಯಾವ ದಿಕ್ಕಿಂದ ಸದ್ದು ಬಂತು, ಯಾರ ಹೊಲ, ಬರೆದಿಡಿ, ಫಾಯಿಲ್‌ನಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟು ತಹಸೀಲ್ದಾರ್ ಆಫೀಸಿಗೋ ಜಿಯಲಾಜಿಕಲ್ ಸರ್ವೆಯೋರಿಗೋ ತಿಳಿಸಿ. 2017ರ ಜೂನ್‌ನಲ್ಲಿ ಜೈಪುರದ ಹತ್ರ ಮುಕುಂದಪುರದ ಹೊಲಕ್ಕೆ ಬಿದ್ದಿದ್ದು ಇಂಗಾಲ ತುಂಬಿದ ಮೆತ್ತನೆ ಜಾತಿ, ಬಿದ್ದ ರಭಸಕ್ಕೇ ಪುಡಿ ಪುಡಿ ಆಗಿತ್ತು, ಅಂಥ ಕಲ್ಲು ಗದ್ದೆ ನೀರಲ್ಲೋ ಮಳೇಲೋ ನಾಲ್ಕು ದಿನ ನೆಂದ್ರೆ ಕೆಟ್ಟು ಹೋಗುತ್ತೆ, ಅದಕ್ಕೇ ಹೇಳ್ತಿದೀನಿ, ನಾಲೆ ಬಯಲಲ್ಲಿ ಬಿದ್ರೆ ಅವತ್ತೇ ಎತ್ತಿಡಿ.