ಹಂದಿ ಲೆಕ್ಕದಲ್ಲಿ ಅಳೆದ ಕಾಡು

ಕೇಳುಗರಿಗೆ ನಮಸ್ಕಾರ.

1085ರ ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲೆಂಡಿನ ದೊರೆ ಒಂದನೇ ವಿಲಿಯಂ ಒಂದು ಅಪ್ಪಣೆ ಕೊಡಿಸಿದ. ಯಾವ ಊರಲ್ಲಿ ಎಷ್ಟು ನೇಗಿಲು, ಎಷ್ಟು ಒಕ್ಕಲು, ಹುಲ್ಲುಗಾವಲು ಎಷ್ಟು, ಕಾಡೆಷ್ಟು, ನೀರಿನ ಗಿರಣಿ ಎಷ್ಟು, ಎಲ್ಲ ಬರೆದು ತನ್ನಿ ಅಂತ. ಮರುವರ್ಷವೇ ಲೆಕ್ಕ ಬಂತು. ಅದೇ ಡೂಮ್ಸ್‌ಡೇ ಬುಕ್. ಅದರಲ್ಲಿ 13,000ಕ್ಕೂ ಜಾಸ್ತಿ ಊರುಗಳ ಹೆಸರಿದೆ.

ಇಷ್ಟನ್ನು ಓದಿ ಗುಂಪು ಮಾಡುವುದು ಕಷ್ಟ. ಅದಕ್ಕೇ ಕಂಪ್ಯೂಟರಿಗೆ ಕೊಡುತ್ತಾರೆ. ಕ್ಲಸ್ಟರಿಂಗ್ ಅಂತಾರಲ್ಲ, ಅದು. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ ಅಂತ ವಿಂಗಡಿಸುವ ಹಾಗೆ. ಆದರೆ ಇಲ್ಲಿ ಬಗೆಯ ಹೆಸರು ಯಾರೂ ಮೊದಲೇ ಹೇಳಿಕೊಟ್ಟಿಲ್ಲ. ಅಂಕಿಗಳು ಹತ್ತಿರ ಇರುವ ಊರುಗಳು ತಾವಾಗಿಯೇ ಒಂದು ಗುಂಪಿಗೆ ಬೀಳುತ್ತವೆ. ನೇಗಿಲು ಜಾಸ್ತಿ ಇರುವ ಬಯಲೂರು ಒಂದು ಕಡೆ, ಕಾಡಂಚಿನ ಊರು ಇನ್ನೊಂದು ಕಡೆ.

ಎಡವಟ್ಟು ಆಗುವುದು ಇಲ್ಲೇ. ಎಸೆಕ್ಸ್‌ನಲ್ಲಿ ಕಾಡನ್ನು 'ಇಷ್ಟು ಹಂದಿ ಮೇಯುವಷ್ಟು' ಅಂತ ಬರೆದರು. ಲಿಂಕನ್‌ಶೈರ್‌ನಲ್ಲಿ ಎಕರೆ ಲೆಕ್ಕ. ಇನ್ನು ಕೆಲವು ಕಡೆ ಉದ್ದ, ಅಗಲ. ನಮ್ಮ ಶಾಸನಗಳಲ್ಲಿ ಬರುವ ಮತ್ತರು ಅನ್ನುವ ಭೂಮಿಯ ಅಳತೆ ಕೂಡ ಹೀಗೇ ಅಲ್ವಾ? ಅಳೆಯುವ ಗಳೆ ಬೇರೆಯಾದರೆ ಮತ್ತರೂ ಬೇರೆ. ಮೇಲಾಗಿ ಎಸೆಕ್ಸ್, ನಾರ್ಫೋಕ್, ಸಫೋಕ್‌ಗಳದ್ದು ಪ್ರತ್ಯೇಕ ಸಂಪುಟ. ಅದರಲ್ಲಿ ಕುರಿ, ದನವನ್ನೂ ಎಣಿಸಿದ್ದಾರೆ. ಎಲ್ಲವನ್ನೂ ಸುಮ್ನೆ ಒಟ್ಟಿಗೆ ಹಾಕಿದರೆ ನಕ್ಷೆಯಲ್ಲಿ ಈ ಮೂರು ಜಿಲ್ಲೆ ಚೆಂದಾಗಿ ಬೇರೆ ಬಣ್ಣಕ್ಕೆ ತಿರುಗುತ್ತವೆ. ಆ ಗೆರೆ ಮಣ್ಣಿನದಲ್ಲ, ಗುಮಾಸ್ತರದು. ಹಾಗಾಗಿ ಒಂದೇ ತಂಡ ಬರೆದ ಜಿಲ್ಲೆಗಳೊಳಗೇ ಗುಂಪು ಮಾಡಿ ನೋಡುವುದು ವಾಸಿ.

ಯಾರ್ಕ್‌ಶೈರ್ ಇನ್ನೂ ತೊಡಕಿನದು. ಅಲ್ಲಿ ಊರ ಮೇಲೆ ಊರು 'ಪಾಳು' ಅಂತ ಬರೆದಿದೆ. 1069–70ರ ಚಳಿಗಾಲದಲ್ಲಿ ದಂಗೆ ಅಡಗಿಸಲು ವಿಲಿಯಂನ ಸೈನ್ಯ ಅಲ್ಲಿ ಊರುಗಳನ್ನು ಸುಟ್ಟಿತ್ತು, ನಿಜ. ಆದರೆ ಪಾಳು ಅಂತ ಬರೆದ ಕೆಲವು ಕಡೆ ಆದಾಯವನ್ನೂ ತೋರಿಸಿದ್ದಾರೆ! ಹಾಗಾದರೆ ಅದು ಸುಟ್ಟ ಊರೋ, ಲೆಕ್ಕ ಸಿಗದೆ ಹಾಗೆ ಬರೆದ ಊರೋ? ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಕಂಪ್ಯೂಟರ್ ಎರಡನ್ನೂ ಒಂದೇ ಗುಂಪಿಗೆ ತಳ್ಳುತ್ತದೆ. ಅಲ್ಲಿ ಮತ್ತೆ ಒಂದೊಂದೇ ಸಾಲು ಓದುತ್ತ ಕೂರಬೇಕು.

ನಮಸ್ಕಾರ.