ಗಿರ್ಮಿಟ್ ಅಂಗಡಿಯಲ್ಲಿ ಟಿಪ್ಸ್ ಕೊಟ್ಟರೆ ಏನಾಗುತ್ತದೆ?

ಹುಬ್ಬಳ್ಳಿ ದುರ್ಗದ ಬೈಲು. ಸಂಜೆ ಏಳು ಗಂಟೆ. ವಿಡಿಯೋ ಸ್ವಲ್ಪ ಅಲುಗಾಡುತ್ತಿದೆ, ಬೈಬೇಡಿ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಮಿರ್ಚಿ. ಯಾವುದನ್ನು ಬಿಡಲಿ ಹೇಳಿ?

ಆ ನೀಲಿ ಅಂಗಿಯವನು ನಮ್ಮ ಕಾಕಾನ ಮಗ, ನನಗೆ ತಮ್ಮ. ಆರು ವರ್ಷದಿಂದ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಊರಿಗೆ ಬಂದ ಮರುದಿನವೇ ಗಿರ್ಮಿಟ್ ಬೇಕು ಅಂತ ಹಟ ಹಿಡಿದ. ಸರಿ, ಬಂದೆವು. ಅಂಗಡಿ ಅಣ್ಣನ ಕೈ ನೋಡಿ. ಅಗಲ ಪಾತ್ರೆಯಲ್ಲಿ ಚುರುಮರಿ, ಅದರ ಮೇಲೆ ಉಳ್ಳಾಗಡ್ಡಿ, ಹುಣಸೆಹುಳಿ, ಬೆಲ್ಲ ಹಾಕಿದ ಒಗ್ಗರಣೆ. ಆಮೇಲೆ ಪುಟಾಣಿ ಹಿಟ್ಟು. ನಾಲ್ಕು ಸಲ ಕೈಯಾಡಿಸಿದ, ಪ್ಲೇಟಿಗೆ ಸುರಿದ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿದ. ಚುರುಮರಿ ಮೆತ್ತಗಾಗುವ ಮೊದಲು ತಿನ್ನಬೇಕು, ಹಾಗಾಗಿ ಇಲ್ಲಿ ನಾನು ಮಾತು ನಿಲ್ಲಿಸಿದ್ದೇನೆ.

ಎರಡು ಪ್ಲೇಟ್ ಗಿರ್ಮಿಟ್, ಮೇಲೆ ಮಿರ್ಚಿ. "ನೂರ ಆತ್ರಿ" ಅಂದ ಅಣ್ಣ. ನಮ್ಮ ತಮ್ಮ ನೂರರ ನೋಟಿನ ಜೊತೆ ಇಪ್ಪತ್ತರದೊಂದು ಇಟ್ಟ. "ಇರ್ಲಿ ಅಣ್ಣಾರ, ಇಟ್ಕೊಳ್ರಿ."

ಅಣ್ಣ ನೋಟು ನೋಡಿದ. ಇವನ ಮುಖ ನೋಡಿದ. "ಯಾಕ್ರಿ?"

"ಸುಮ್ನ."

"ಸುಮ್ನ ಯಾಕ ಕೊಡ್ತೀರಿ?" ಅಂದವನೇ ಕಡಾಯಿಂದ ಆಗತಾನೇ ಎತ್ತಿದ ಎರಡು ಬಿಸಿ ಮಿರ್ಚಿ ತಂದು ಪ್ಲೇಟಿಗೆ ಹಾಕಿಬಿಟ್ಟ. ಲೆಕ್ಕ ಚುಕ್ತಾ. ಟಿಪ್ಸ್ ಕೊಡಲು ಹೋದವನು ಮಿರ್ಚಿ ತಿಂದು ಮೂಗು ಒರೆಸಿಕೊಳ್ಳುತ್ತಾ ವಾಪಸ್ ಬಂದ. ನಾನು ನಕ್ಕಿದ್ದು ಆಡಿಯೋದಲ್ಲಿ ಕೇಳಿಸುತ್ತದೆ.

ಅವತ್ತಿನಿಂದ ನನಗೆ ಇದೇ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಕಡೆ ಅಂಗಡಿ ಮುಂದೆ ನಿಂತು ತಿನ್ನುವಾಗ, ಪಾರ್ಸಲ್ ಒಯ್ಯುವಾಗ ಹೆಚ್ಚಿಗೆ ಕೊಡಬೇಕಾದವರು ಯಾರು? ನಮ್ಮಜ್ಜಿಯನ್ನು ಕೇಳಿದ್ದರೆ ಅಂಗಡಿಯವನೇ ಅನ್ನುತ್ತಿದ್ದಳು. ಸಂತೆಯಲ್ಲಿ ಪಾವು ಕಿಲೋ ಬದನೆಕಾಯಿ ತೂಗಿಸಿದ ಮೇಲೆ "ಕೊಸರ ಹಾಕೋ" ಅನ್ನದೆ ಆಕೆ ಚೀಲದ ಬಾಯಿ ಮುಚ್ಚಿದ್ದೇ ಇಲ್ಲ. ಹಾಕದಿದ್ದರೆ ಅಲ್ಲೇ ನಿಂತು ಕೊಸರಾಡುತ್ತಿದ್ದಳು. ಕೊಸರು ಅಂದರೆ ತೂಕದ ಮೇಲೆ ಒಂದು ಹಿಡಿ. ಇನಾಮು, ಭಕ್ಷೀಸು ಅನ್ನುವ ಮಾತುಗಳೂ ನಮ್ಮಲ್ಲಿ ಇವೆ, ಇಲ್ಲ ಅಂತಲ್ಲ. ಆದರೆ ಅವು ಹಬ್ಬಕ್ಕೆ, ಮದುವೆಗೆ. ಮಿರ್ಚಿಗಲ್ಲ.

ತಮ್ಮನಿಗೆ ಅಲ್ಲಿ ಅಭ್ಯಾಸ ಬೇರೆ. ಪಾಪ, ಅವನ ತಪ್ಪಲ್ಲ. ಟೇಬಲ್‌ಗೆ ಊಟ ತಂದು ಕೊಡುವವರಿಗೆ ಅಮೆರಿಕದ ಕೇಂದ್ರ ಕಾನೂನು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು ಅನ್ನುತ್ತದೆ. 1991ರಿಂದ ಆ ಅಂಕಿ ಕದಲಿಲ್ಲ. ಟಿಪ್ಸ್ ಸೇರಿ ಅದು 7.25 ಡಾಲರ್ ಮುಟ್ಟಬೇಕು, ಮುಟ್ಟದಿದ್ದರೆ ಉಳಿದದ್ದನ್ನು ಮಾಲಕ ತುಂಬಬೇಕು. ಕೆಲವು ರಾಜ್ಯಗಳಲ್ಲಿ ಜಾಸ್ತಿ ಕೊಡಲೇಬೇಕು ಅಂತಿದೆ, ಆದರೆ ಅವನಿರುವ ಟೆಕ್ಸಾಸ್‌ನಲ್ಲಿ ಇದೇ 2.13. ಅಂದರೆ ಅಲ್ಲಿ ಟಿಪ್ಸ್ ಅನ್ನೋದು ಕೂಲಿಯ ಒಂದು ತುಂಡು. ಕೊಡದೆ ಎದ್ದು ಬಂದರೆ ಯಾರದೋ ಸಂಬಳ ಮುರಿದ ಹಾಗೆ. ಕೂತು ಉಂಡರೆ ಶೇಕಡಾ 15ರಿಂದ 20 ಕೊಡೋದು ರೂಢಿ.

"ಮತ್ತೆ ಪಾರ್ಸಲ್‌ಗೆ?" ಅಂದೆ.

"ಅದೇ ಜಗಳ ಅಕ್ಕಾ ಅಲ್ಲಿ" ಅಂದ. ಕೌಂಟರ್‌ನಲ್ಲಿ ನಿಂತವರಿಗೆ ಸಾಮಾನ್ಯವಾಗಿ ಪೂರ್ತಿ ಕೂಲಿ ಇರುತ್ತದೆ, ಆದರೂ ದುಡ್ಡು ಕಟ್ಟುವಾಗ ಟ್ಯಾಬ್ ನಮ್ಮ ಕಡೆ ತಿರುಗುತ್ತದಂತೆ. 18, 20, 25 ಅಂತ ಮೂರು ಚೌಕ. ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಉದ್ದ ಮಾಡಿ ನೋಡುತ್ತಿರುತ್ತಾರಂತೆ. ಬರೀ ಒಂದು ಬನ್ ತಗೊಂಡಿದ್ದಕ್ಕೆ!

ನಾನು ಜೋರಾಗಿ ನಕ್ಕೆ. ಎರಡು ವಾರ ಕೂಡ ಆಗಲಿಲ್ಲ, ಆ ಟ್ಯಾಬು ನನ್ನನ್ನೇ ಹುಡುಕಿಕೊಂಡು ಬಂತು.

ಹುಬ್ಬಳ್ಳಿಯ ಒಂದು ಹೊಸ ಕೆಫೆ. ಹೆಸರು ಬೇಡ. ಕಾಫಿಗೆ 160 ರೂಪಾಯಿ. ನಾವೇ ಸಾಲಿನಲ್ಲಿ ನಿಲ್ಲಬೇಕು, ಮೊದಲೇ ದುಡ್ಡು ಕಟ್ಟಬೇಕು, ಹೆಸರು ಕೂಗಿದಾಗ ನಾವೇ ಹೋಗಿ ತರಬೇಕು, ಕುಡಿದ ಮೇಲೆ ಟ್ರೇ ಕೂಡ ನಾವೇ ಇಟ್ಟು ಬರಬೇಕು. ಅಷ್ಟಾಗಿ ಟ್ಯಾಬ್ ಕೇಳುತ್ತದೆ: 20? 30? 50? 'ಬೇಡ' ಅನ್ನೋದನ್ನು ಕೆಳಗೆ ಬೂದಿ ಬಣ್ಣದ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಕೌಂಟರ್ ಹುಡುಗ ಆ ಹೊತ್ತಿಗೆ ಸರಿಯಾಗಿ ಫ್ಯಾನ್ ಕಡೆ ನೋಡತೊಡಗಿದ. ಅವನಿಗೂ ಮುಜುಗರ. ನಾನು ಮರ್ಯಾದೆಗೆ ಅಂಜಿ 30 ಒತ್ತಿದೆ.

ಕಾಫಿ ತಗೊಳ್ಳುವಾಗ ಮೆಲ್ಲಗೆ ಕೇಳಿದೆ. "ತಮ್ಮಾ, ಆ ರೊಕ್ಕ ನಿನಗ ಸಿಗತೈತೇನು?"

ಅವನು ಗಲ್ಲಾ ಕಡೆ ಒಮ್ಮೆ ನೋಡಿದ. "ಗೊತ್ತಿಲ್ರಿ ಅಕ್ಕಾರ. ನಾ ಬಂದು ಮೂರ ತಿಂಗಳಾತು."

ಮೂರು ತಿಂಗಳು! ಅಂದರೆ ನನ್ನ 30 ರೂಪಾಯಿ ಯಾರಿಗೆ ಹೋಯಿತು? ಈಗ ನಾನು ಆ ಟ್ಯಾಬ್ ಕಂಡರೆ ಬೂದಿ ಬಣ್ಣದ ಅಕ್ಷರ ಹುಡುಕಿ ಒತ್ತುತ್ತೇನೆ, ಹುಡುಗನಿಗೆ ಹತ್ತೋ ಇಪ್ಪತ್ತೋ ಕೊಡಬೇಕು ಅನಿಸಿದರೆ ಕೈಗೆ ಕೊಡುತ್ತೇನೆ. ಅನಿಸದಿದ್ದರೆ ಕೊಡಲ್ಲ. ಎರಡರಲ್ಲೂ ನಾಚಿಕೆ ಇಲ್ಲ.

ಕೈಗೆ ಕೊಡೋದು ಅಂದೆನಲ್ಲ, ಅದೇ ಈಗ ಕಷ್ಟ. ಮೊದಲು ಬಿಲ್ಲಿನ ತಟ್ಟೆಯಲ್ಲಿ ಬಡೇಸೋಪಿನ ಜೊತೆ ಚಿಲ್ಲರೆ ಉಳಿಯುತ್ತಿತ್ತು. ಮೂರು ರೂಪಾಯಿ, ಏಳು ರೂಪಾಯಿ. ಅದು ತನ್ನಷ್ಟಕ್ಕೆ ತಾನೇ ಸಪ್ಲಾಯರ್ ಜೇಬು ಸೇರುತ್ತಿತ್ತು. ಯುಪಿಐ ಬಂದದ್ದು 2016ರಲ್ಲಿ. ಈಗ 87 ಅಂದರೆ 87, ಪೈಸೆ ಆಚೆ ಈಚೆ ಇಲ್ಲ. ಸ್ಪೀಕರ್ ಡಬ್ಬಿ ಬಂದ ದುಡ್ಡನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತದೆ. ಆ ಕ್ಯೂಆರ್ ಮಾಲಕರದ್ದು. ನೀವು ನೂರಕ್ಕೆ ನೂರಾಹತ್ತು ಹಾಕಿದರೆ ಹತ್ತೂ ಮಾಲಕರ ಖಾತೆಗೇ. ಹಾಗಾಗಿ ನನ್ನ ಮೊಬೈಲ್ ಕವರ್ ಹಿಂದೆ ಹತ್ತರ ಎರಡು ನೋಟು ಮಡಚಿ ಇಟ್ಟಿರುತ್ತೇನೆ. ನಾಣ್ಯ ಇಡಲ್ಲ, ಯಾಕೆಂದರೆ ನಮ್ಮ ಕಡೆ ಹತ್ತರ ನಾಣ್ಯ ಕೊಟ್ಟರೆ ಟಿಪ್ಸ್ ಅಲ್ಲ, ಶಿಕ್ಷೆ ಅಂದುಕೊಳ್ಳುತ್ತಾರೆ. ಎಲ್ಲಾ 14 ವಿನ್ಯಾಸದ ನಾಣ್ಯಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಹೇಳಿ ಏನು ಬಂತು, "ಇದು ನಡಿಯಂಗಿಲ್ರಿ" ಅನ್ನೋರು ಇನ್ನೂ ಇದ್ದಾರೆ.

ಇನ್ನೊಂದು ಸಿಟ್ಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಒಂದು ಎಸಿ ಹೋಟೆಲ್‌ನಿಂದ ಪಾರ್ಸಲ್ ತಂದೆ. ಮನೆಗೆ ಬಂದು ಬಿಲ್ ನೋಡಿದರೆ ಜಿಎಸ್‌ಟಿ, ಡಬ್ಬಿಗೆ ಪ್ಯಾಕಿಂಗ್ ಚಾರ್ಜು, ಕೆಳಗೆ ಸರ್ವಿಸ್ ಚಾರ್ಜು ಅಂತ ಬೇರೆ! ಯಾರ ಸರ್ವಿಸ್? ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತವಳು ನಾನು. ಜಿಎಸ್‌ಟಿ ಸರಕಾರಕ್ಕೆ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ಸರ್ವಿಸ್ ಚಾರ್ಜು ಹಾಗಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ನಾನು ಬಿಲ್ ಹಿಡಿದು ವಾಪಸ್ ಹೋದೆ. ಮ್ಯಾನೇಜರ್ ಒಂದು ಮಾತೂ ಆಡದೆ 22 ರೂಪಾಯಿ ಎಣಿಸಿ ಕೊಟ್ಟರು. ಮಾತೇ ಆಡಲಿಲ್ಲ ಅಂದರೆ ಅವರಿಗೂ ಗೊತ್ತಿತ್ತು ಅಂತ ತಾನೇ? ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಟೋ ಖರ್ಚು 80 ಆಯಿತು, ಅದನ್ನು ಮಾತ್ರ ಕೇಳಬೇಡಿ.

ಮನೆಗೆ ತಂದು ಕೊಡುವ ಹುಡುಗರ ವಿಷಯದಲ್ಲಿ ನನಗೆ ಗೊಂದಲ ಇಲ್ಲ. ಮಳೆಯಲ್ಲಿ, ಮೂರನೇ ಮಹಡಿಗೆ ಹತ್ತಿ ಬಂದರೆ ಕೊಡುತ್ತೇನೆ. ಆ್ಯಪ್‌ನಲ್ಲಿ ಮೊದಲೇ ಒತ್ತಲ್ಲ, ಬಂದ ಮೇಲೆ.

ಈಗ ಧಾರವಾಡಕ್ಕೆ ಬನ್ನಿ. ಕಿಟಕಿಯಿಂದ ತೆಗೆದ ಈ ಶಾಟ್ ಚಿಗರಿ ಬಸ್ಸಿನದು. ನಮ್ಮ ಮನೆ ಹತ್ತಿರ ಒಂದು ಖಾನಾವಳಿ ಇದೆ. ಮುಂದೆ ಮಾಲಕರು ಗಲ್ಲಾದಲ್ಲಿ, ಒಳಗೆ ಇಬ್ಬರು ರೊಟ್ಟಿ ಬಡಿಯುವವರು, ನಡುವೆ ಪಾರ್ಸಲ್ ಕಟ್ಟುವ ಅಕ್ಕ. ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೇ ಬರೀ ಕೈ.

ಪಾರ್ಸಲ್ ಅಂದರೆ ಯಾರೂ ಬಡಿಸಲ್ಲ, ಮತ್ತೆ ಟಿಪ್ಸ್ ಯಾಕೆ ಅಂತ ನಾನೂ ಅಂದುಕೊಂಡಿದ್ದೆ. ಒಂದು ದಿನ ನಿಂತು ಎಣಿಸಿದೆ. ಎರಡು ಜೋಳದ ರೊಟ್ಟಿ ಮಡಚಿ ಪೇಪರ್‌ನಲ್ಲಿ. ಎಣ್ಣೆಗಾಯಿ ಒಂದು ಚೀಲ, ಕಾಳು ಪಲ್ಯ ಒಂದು, ಸಾರು ಒಂದು, ಅನ್ನ ಒಂದು, ಮೊಸರು ಒಂದು. ಶೇಂಗಾ ಚಟ್ನಿಗೆ ಒಂದು ಪೊಟ್ಟಣ, ಗುರೆಳ್ಳು ಚಟ್ನಿಗೆ ಇನ್ನೊಂದು. ಉಳ್ಳಾಗಡ್ಡಿ, ಸೌತೆಕಾಯಿ ಬೇರೆ. ಸಾರಿನ ಚೀಲಕ್ಕೆ ದಾರ ಸುತ್ತುವುದೇ ಒಂದು ವಿದ್ಯೆ. ಗಾಳಿ ಬಿಟ್ಟು, ಬಾಯಿ ತಿರುವಿ, ಐದು ಸುತ್ತು, ಹಲ್ಲಿನಿಂದ ಅಲ್ಲ, ಹೆಬ್ಬೆರಳಿನ ಉಗುರಿನಿಂದ ಪಟ್ಟನೆ ದಾರ ಕಡಿಯುತ್ತಾರೆ. ಆ ಉಗುರು ಸೀಳಿ ಹೋಗಿದೆ, ಝೂಮ್ ಮಾಡಿದ್ದೇನೆ ನೋಡಿ.

"ಕುಂತು ಉಂಡ್ರ ಎರಡ ಸೌಟಿನ ಕೆಲಸ. ಪಾರ್ಸಲ್ ಅಂದ್ರ ಗಂಟಿನ ಕೆಲಸ" ಅಂದರು ಅಕ್ಕ, ತಲೆ ಎತ್ತದೆ.

ಅವತ್ತು ಇಪ್ಪತ್ತರ ನೋಟನ್ನು ಅವರ ಪಕ್ಕದ ದಾರದ ಉಂಡೆ ಕೆಳಗಿಟ್ಟು ಬಂದೆ. ಮಾತು ಬೇಡ ಅಂತ. ಬಸ್ ಸ್ಟಾಪ್ ಮುಟ್ಟಿದ್ದೆ, ಹಿಂದಿನಿಂದ ಕೂಗು. "ಏ ತಂಗೀ! ರೊಕ್ಕ ಬಿಟ್ಟ ಹೊಂಟೀಯಲ್ಲ!" ಸೆರಗು ಸಿಕ್ಕಿಸಿಕೊಂಡು, ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಾರೆ. "ನಿಮಗ ಅಂತ ಇಟ್ಟಿದ್ದೆ ಅಕ್ಕಾರ" ಅಂದೆ. "ನನಗ್ಯಾಕವ್ವಾ? ಪಗಾರ ಕೊಡ್ತಾರ" ಅಂದು ನೋಟು ನನ್ನ ಚೀಲಕ್ಕೆ ತುರುಕಿ ಹೋದರು. ಸ್ಟಾಪ್‌ನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಡಲ್ಲಾಸ್‌ನಲ್ಲಿ ಕೊಡದಿದ್ದರೆ ನೋಡುತ್ತಾರಂತೆ, ಇಲ್ಲಿ ಕೊಟ್ಟಿದ್ದಕ್ಕೆ!

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಹಂಗ ಯಾರರ ಕೊಡ್ತಾರೇನು? ಹಬ್ಬ ಬರ್ಲಿ" ಅಂದಳು.

ದೀಪಾವಳಿ ಪಾಡ್ಯದ ಹಿಂದಿನ ದಿನ ಹೋದೆ. ಅವ್ವ ಕೊಟ್ಟ ಕರಚಿಕಾಯಿ ಡಬ್ಬಿ, ಅದರ ಮೇಲೆ ಲಕೋಟೆ, ಒಳಗೆ 200 ರೂಪಾಯಿ. "ಹಬ್ಬಕ್ಕ, ಅಕ್ಕಾರ." ಈ ಸಲ ಯಾಕೆ ಅಂತ ಕೇಳಲಿಲ್ಲ. ಲಕೋಟೆಯನ್ನು ಹಣೆಗೆ ಮುಟ್ಟಿಸಿ, ಎಲೆಯಡಿಕೆ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ದಾರದ ಉಂಡೆ ಕೈಗೆತ್ತಿಕೊಂಡರು.

"ಎಷ್ಟ ರೊಟ್ಟಿ ಕಟ್ಟಲಿ?"

"ಎರಡ ಸಾಕ್ರಿ."

ಮನೆಗೆ ಬಂದು ಬಿಚ್ಚಿದರೆ ಮೂರು.