ಭೂಮಿಯ ನಾಳೆಯ ಲೆಕ್ಕ ಎಲ್ಲರ ಕೈಗೆ

ಕೇಳುಗರೇ, ನಮಸ್ಕಾರ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು? ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1896ರಲ್ಲಿ ಇದನ್ನು ಕೈಯಿಂದಲೇ ಲೆಕ್ಕ ಹಾಕಿದ್ದರು. 1967ರಲ್ಲಿ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಅದೇ ಪ್ರಶ್ನೆಯನ್ನು ಕಂಪ್ಯೂಟರಿನ ಮುಂದಿಟ್ಟು, ಸುಮಾರು 2.3 ಡಿಗ್ರಿ ಸೆಲ್ಸಿಯಸ್ ಎಂಬ ಉತ್ತರ ಪಡೆದರು. ಮುಂದೆ ಇಂಥ ಮಾದರಿಗಳು, ಅಂದರೆ ಭೂಮಿಯ ಹವಾಮಾನವನ್ನು ಗಣಿತದಲ್ಲಿ ಅನುಕರಿಸುವ ಕಂಪ್ಯೂಟರ್ ಲೆಕ್ಕಗಳು, ಹಿಗ್ಗಿ ಸೂಪರ್‌ಕಂಪ್ಯೂಟರುಗಳನ್ನು ಬೇಡತೊಡಗಿದಂತೆ, ಲೆಕ್ಕ ಕೆಲವೇ ಸಂಸ್ಥೆಗಳೊಳಗೆ ಉಳಿದು, ಜನರಿಗೆ ಫಲಿತಾಂಶವಷ್ಟೇ ತಲುಪಿತು.

ಈ ಗೋಡೆಯಲ್ಲಿ ಬಾಗಿಲು ತೆರೆದದ್ದು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2003ರಲ್ಲಿ ಆರಂಭವಾದ ಕ್ಲೈಮೇಟ್‌ಪ್ರೆಡಿಕ್ಷನ್ ಡಾಟ್ ನೆಟ್ ಯೋಜನೆ. ಮಾದರಿಯು ವಾತಾವರಣವನ್ನು ದೊಡ್ಡ ದೊಡ್ಡ ಚೌಕಗಳಾಗಿ ವಿಂಗಡಿಸುತ್ತದೆ. ಮೋಡ ಆ ಚೌಕಕ್ಕಿಂತ ಬಹಳ ಚಿಕ್ಕದು. ಆದ್ದರಿಂದ ಮೋಡಗಳ ವರ್ತನೆಯನ್ನು ಅಂದಾಜಿನ ಸಂಖ್ಯೆಗಳಲ್ಲಿ ಹಿಡಿಯಬೇಕಾಗುತ್ತದೆ. ಆ ಅಂದಾಜುಗಳನ್ನು ತುಸು ತುಸುವೇ ಬದಲಿಸಿದ ಸಾವಿರಾರು ಮಾದರಿಗಳನ್ನು ಜಗತ್ತಿನ ಸಾಮಾನ್ಯ ಜನರು ತಮ್ಮ ಮನೆಯ ಕಂಪ್ಯೂಟರುಗಳ ಬಿಡುವಿನ ವೇಳೆಯಲ್ಲಿ ನಡೆಸಿಕೊಟ್ಟರು. ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಎಷ್ಟು ಬಿಸಿ ಎಂಬ ಅದೇ ಪ್ರಶ್ನೆಗೆ 2005ರಲ್ಲಿ ಪ್ರಕಟವಾದ ಮೊದಲ ಫಲಿತಾಂಶಗಳು 2 ಡಿಗ್ರಿಗಿಂತ ಕಡಿಮೆಯಿಂದ 11 ಡಿಗ್ರಿಗೂ ಮೇಲಿನವರೆಗೆ ಹರಡಿದ್ದವು. ಹೆಚ್ಚಿನವು 3.4 ಡಿಗ್ರಿಯ ಆಸುಪಾಸಿನಲ್ಲೇ ಇದ್ದರೂ ಸುದ್ದಿಯಾದದ್ದು ಹನ್ನೊಂದು. ಹರವನ್ನು ಓದುವ ಬಗೆ ತಿಳಿಯದಿದ್ದರೆ ಅತಿ ದೊಡ್ಡ ಸಂಖ್ಯೆಯೇ ಮನಸ್ಸಿನಲ್ಲಿ ನಿಲ್ಲುತ್ತದೆ. ಮಾದರಿಯೆಂಬ ಸಲಕರಣೆಯ ಜೊತೆಗೆ ಈ ಓದನ್ನೂ ಕಲಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇಷ್ಟಾಗಿಯೂ ಅಲ್ಲಿ ನಾಗರಿಕರು ಕೊಟ್ಟದ್ದು ಯಂತ್ರವನ್ನು. ಪ್ರಶ್ನೆ ವಿಜ್ಞಾನಿಗಳದೇ ಆಗಿತ್ತು. ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದೊಡನೆ ರೂಪಿಸಿದ ಎನ್-ರೋಡ್ಸ್ ಪ್ರಶ್ನಿಸುವ ಅವಕಾಶವನ್ನೇ ಜನರಿಗೆ ಕೊಡುತ್ತದೆ. ಬ್ರೌಸರಿನಲ್ಲಿ ಉಚಿತವಾಗಿ ತೆರೆಯುವ ಈ ಸರಳ ಮಾದರಿಯಲ್ಲಿ ಇಂಗಾಲದ ಬೆಲೆಯನ್ನೋ (ಇಂಗಾಲದ ಡೈಆಕ್ಸೈಡ್ ಹೊರಬಿಡುವುದಕ್ಕೆ ವಿಧಿಸುವ ಶುಲ್ಕ) ಕಲ್ಲಿದ್ದಲಿನ ಮೇಲಿನ ತೆರಿಗೆಯನ್ನೋ ಏರಿಸಿದರೆ, 2100ರ ತಾಪಮಾನದ ಅಂದಾಜು ಕಣ್ಣೆದುರೇ ಬದಲಾಗುತ್ತದೆ. ಒಂದೇ ಕ್ರಮದಿಂದ ತಾಪಮಾನ ಎಷ್ಟು ಅಲ್ಪವಾಗಿ ಇಳಿಯುತ್ತದೆಂಬುದನ್ನು ತಾವೇ ಪರೀಕ್ಷಿಸಿ ಕಂಡವರಿಗೆ ಉಪನ್ಯಾಸ ಬೇಕಾಗುವುದಿಲ್ಲ. ಆದರೆ ಇಂಥ ಮಾದರಿ ಇಡೀ ಜಗತ್ತಿನ ಸರಾಸರಿಯನ್ನು ಹೇಳುತ್ತದೆಯೇ ಹೊರತು ಒಂದು ಊರಿನ ಮಳೆಯನ್ನಲ್ಲ. ಆ ಮಿತಿಯನ್ನು ಮೊದಲ ಪರದೆಯಲ್ಲಿಯೇ, ಬಳಸುವವರ ಭಾಷೆಯಲ್ಲಿಯೇ ಬರೆದಿಡಬೇಕು.

ಉಚಿತವಾಗಿದ್ದರೂ ನಿಧಾನಗತಿಯ ಇಂಟರ್‌ನೆಟ್‌ನಲ್ಲಿ ತೆರೆಯದ ಮಾದರಿ, ಪರಿಣತರ ಪರಿಭಾಷೆಯಲ್ಲಷ್ಟೇ ವಿವರಣೆ ಇರುವ ಮಾದರಿ ಬಹುಪಾಲು ಜನರಿಗೆ ಇಂದಿಗೂ ಮುಚ್ಚಿಯೇ ಇದೆ. ಬೇಸಾಯ, ಮೀನುಗಾರಿಕೆಯಂಥ ಹವಾಮಾನವನ್ನೇ ನೆಚ್ಚಿದ ಬದುಕಿನವರು, ಮಾದರಿಯೊಳಗಿನ ಒಂದು ಊಹೆಯನ್ನು ತಮ್ಮ ಕೈಯಾರೆ ಬದಲಿಸಿ, ಉತ್ತರ ಏಕೆ ಬದಲಾಯಿತೆಂದು ಕೇಳುವಂತಾಗಬೇಕೆಂಬುದು ನನ್ನ ಬೇಡಿಕೆ.

ನಮಸ್ಕಾರ.